ಓಟ್ಸ್ ಕುಕಿಯ ಹದ ಮತ್ತು ಹಿತ

ಸಂಜೆ ಶಾಲೆಯಿಂದ ಬರುವ ಮಗುವಿಗೂ, ಲೋಕಲ್ ಗಾಡಿಯಲ್ಲಿ ನಿಂತೇ ಮನೆ ಸೇರುವ ತಂದೆತಾಯಿಗಳಿಗೂ, ಊರಿನಿಂದ ಬಂದು ನಾಲ್ಕು ತಿಂಗಳು ಮಗನ ಮನೆಯಲ್ಲಿರುವ ಹಿರಿಯರಿಗೂ ಒಂದೇ ಡಬ್ಬಿಯಿಂದ ತಿಂಡಿ ಒದಗಬೇಕೆಂಬುದು ಮಹಾನಗರದ ಸಂಸಾರಗಳ ನಿತ್ಯದ ಅವಶ್ಯಕತೆ. ಚಕ್ಕುಲಿ, ಕೋಡುಬಳೆ, ರವೆ ಉಂಡೆಗಳಿರುತ್ತಿದ್ದ ಆ ಡಬ್ಬಿಯಲ್ಲಿ ಈಚಿನ ವರ್ಷಗಳಲ್ಲಿ ಓಟ್ಸ್ ಕುಕಿಯೂ ಸ್ಥಾನ ಪಡೆದಿದೆ. ಇದಕ್ಕೆ ರುಚಿಯೊಂದೇ ಕಾರಣವಲ್ಲ. ‘ಇದರಲ್ಲಿ ಓಟ್ಸ್ ಇದೆ, ಆದುದರಿಂದ ಆರೋಗ್ಯಕ್ಕೆ ಒಳ್ಳೆಯದು’ ಎಂಬ ನಂಬಿಕೆಯೂ ಅದರೊಡನೆ ಮನೆಯೊಳಗೆ ಬಂದಿದೆ. ಮಧುಮೇಹವಿರುವ ಅಜ್ಜನಿಗೆ ಒಂದು ತುಂಡು ಮೈಸೂರು ಪಾಕು ಕೊಡಲು ಅಂಜುವ ಕೈಯೇ ಅವರ ತಟ್ಟೆಗೆ ಮೂರು ಓಟ್ಸ್ ಕುಕಿಗಳನ್ನು ನಿಶ್ಚಿಂತೆಯಿಂದ ಇಡುತ್ತದೆ.

ಈ ನಿಶ್ಚಿಂತೆ ಎಷ್ಟರಮಟ್ಟಿಗೆ ಸರಿ? ಇದನ್ನು ತಿಳಿಯಲು ಅತ್ಯುತ್ತಮ ಮಾರ್ಗವೆಂದರೆ ಪ್ರತಿಯೊಂದು ಸಾಮಗ್ರಿಯನ್ನೂ ತೂಗಿ ಕುಕಿಯನ್ನು ಮನೆಯಲ್ಲೇ ತಯಾರಿಸುವುದು. ಹಾಗೆ ಮಾಡಿದಾಗ ಎರಡು ಸಂಗತಿಗಳು ಒಟ್ಟಿಗೆ ತಿಳಿಯುತ್ತವೆ. ಕುಕಿ ಮೆತ್ತಗಿದ್ದು ಜಗಿಯುವ ಹದಕ್ಕೆ ಬರುವುದು ಏತರಿಂದ ಎಂಬುದು ಒಂದು. ಅದನ್ನು ಯಾರು ಎಷ್ಟು ತಿನ್ನಬಹುದೆಂಬುದು ಇನ್ನೊಂದು. ಮುಂದೆ ಕಾಣುವಂತೆ ಇವೆರಡೂ ಬೇರೆ ಬೇರೆ ಪ್ರಶ್ನೆಗಳಲ್ಲ.

ಧಾನ್ಯ ಬಂದ ದಾರಿ

ಓಟ್ಸ್ ತಂಪು ಹವೆಯ, ತೇವ ನೆಲದ ಬೆಳೆ. ಬೇಸಗೆ ಅಲ್ಪಕಾಲವಿದ್ದು ಗೋಧಿ ಚೆನ್ನಾಗಿ ಮಾಗದ ಸ್ಕಾಟ್ಲೆಂಡಿನಂತಹ ನಾಡಿನಲ್ಲಿ ಶತಮಾನಗಳ ಕಾಲ ಅದೇ ಜನರ ಮುಖ್ಯ ಆಹಾರವಾಗಿತ್ತು. 1755ರಲ್ಲಿ ತನ್ನ ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯಲ್ ಜಾನ್ಸನ್, ಇಂಗ್ಲೆಂಡಿನಲ್ಲಿ ಕುದುರೆ ತಿನ್ನುವ ಈ ಧಾನ್ಯವನ್ನು ಸ್ಕಾಟ್ಲೆಂಡಿನಲ್ಲಿ ಮನುಷ್ಯರು ತಿನ್ನುತ್ತಾರೆಂಬ ಅರ್ಥ ಬರುವಂತೆ ವಿವರಿಸಿ ನೆರೆಯವರನ್ನು ಕೆಣಕಿದ್ದನು. ಸ್ಕಾಟರು ಅದರಿಂದ ಗಂಜಿ ಕಾಯಿಸುತ್ತಿದ್ದರು. ಹಿಟ್ಟನ್ನು ಕಲಸಿ ಕಬ್ಬಿಣದ ಹೆಂಚಿನ ಮೇಲೆ ಬೇಯಿಸಿ ರೊಟ್ಟಿಯನ್ನೂ ಮಾಡುತ್ತಿದ್ದರು. ಜೋಳದ ರೊಟ್ಟಿ, ರಾಗಿ ಅಂಬಲಿಗಳನ್ನು ಬಲ್ಲವರಿಗೆ ಈ ಅಡಿಗೆಮನೆ ಅಪರಿಚಿತವೆನಿಸದು.

ವಲಸೆ ಹೋದವರೊಡನೆ ಓಟ್ಸ್ ಅಮೆರಿಕಕ್ಕೆ ಹೋಯಿತು. ಅಲ್ಲಿ 1877ರಲ್ಲಿ ‘ಕ್ವೇಕರ್’ ಎಂಬ ವ್ಯಾಪಾರ ಮುದ್ರೆ ನೋಂದಣಿಯಾಯಿತು. ಡಬ್ಬಿಯಲ್ಲಿ ತುಂಬಿದ ಓಟ್ಸ್ ಅಂಗಡಿ ಅಂಗಡಿಗೂ ತಲುಪಿತು. 1896ರಲ್ಲಿ ಬಾಸ್ಟನ್ನಿನ ಅಡಿಗೆ ಶಾಲೆಯ ಫ್ಯಾನಿ ಫಾರ್ಮರ್ ಪ್ರಕಟಿಸಿದ ಪ್ರಸಿದ್ಧ ಪಾಕಗ್ರಂಥದಲ್ಲಿ ಓಟ್ಸ್ ಕುಕಿಯ ವಿಧಾನವೂ ಸೇರಿತ್ತು. ಕಾಲಕ್ರಮದಲ್ಲಿ ಒಣದ್ರಾಕ್ಷಿ, ದಾಲ್ಚಿನ್ನಿ, ಜಾಯಿಕಾಯಿಗಳು ಕೂಡಿಕೊಂಡು ಇಂದಿನ ಕುಕಿ ರೂಪುಗೊಂಡಿತು. ಭಾರತದಲ್ಲಿ ಓಟ್ಸನ್ನು ಬಹಳ ಕಾಲದಿಂದ ಬೆಳೆಯುತ್ತಿದ್ದರೂ ಅದು ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ ದನಗಳ ಮೇವಿಗಾಗಿ. ನಗರದ ಉಪಾಹಾರದಲ್ಲಿ ಅದು ಕಾಣಿಸಿಕೊಂಡದ್ದು ಈಚಿನ ದಶಕಗಳಲ್ಲಿ.

ಅಂಗಡಿಯಲ್ಲಿ ದೊರೆಯುವ ಓಟ್ಸ್ ಅವಲಕ್ಕಿಯಂತೆ ಚಪ್ಪಟೆಯಾಗಿರುತ್ತದೆ. ಸಿಪ್ಪೆ ತೆಗೆದ ಕಾಳನ್ನು ಮೊದಲು ಆವಿಯಲ್ಲಿ ಹಬೆಯಾಡಿಸಿ ಅನಂತರ ಉರುಳೆಗಳ ನಡುವೆ ಒತ್ತುತ್ತಾರೆ. ಓಟ್ಸಿನಲ್ಲಿ ಇತರ ಧಾನ್ಯಗಳಿಗಿಂತ ಕೊಬ್ಬಿನ ಅಂಶ ಹೆಚ್ಚು; ಆ ಕೊಬ್ಬನ್ನು ಒಡೆದು ಕಮಟು ಮಾಡುವ ಕಿಣ್ವವೂ ಅದರಲ್ಲಿದೆ. ಆವಿಯ ಬಿಸಿಗೆ ಆ ಕಿಣ್ವ ನಿಷ್ಕ್ರಿಯವಾಗುವುದರಿಂದ ಧಾನ್ಯ ಬಹುದಿನ ಕೆಡದೆ ಉಳಿಯುತ್ತದೆ. ಕುಕಿಗೆ ಇಂತಹ ದಪ್ಪನೆಯ, ಏನನ್ನೂ ಬೆರೆಸದ ಓಟ್ಸೇ ಬೇಕು. ಉಪ್ಪು ಖಾರ ಸೇರಿಸಿ ಚಿಕ್ಕ ಪೊಟ್ಟಣಗಳಲ್ಲಿ ಮಾರುವ ಮಸಾಲೆ ಓಟ್ಸ್ ಇದಕ್ಕೆ ಸಲ್ಲದು.

ಮೆದುವಿನ ಮರ್ಮ

ಕುಕಿಯ ಹದವನ್ನು ಅರಿಯಲು ಪರಿಚಿತವಾದ ಎರಡು ತಿಂಡಿಗಳನ್ನು ನೆನೆಯಬಹುದು. ಮೊದಲನೆಯದು ನಾನ್‌ಖಟಾಯಿ. ದೀಪಾವಳಿಗೆ ಮುನ್ನ ಮನೆಯಲ್ಲಿ ಹಿಟ್ಟು ಕಲಸಿ, ಬೇಕರಿಗೆ ಒಯ್ದು ಬೇಯಿಸಿಕೊಂಡು ಬರುತ್ತಿದ್ದ ಪದ್ಧತಿ ಮುಂಬಯಿ, ಪುಣೆಗಳ ಹಳಬರಿಗೆ ಇನ್ನೂ ನೆನಪಿದೆ. ನಾನ್‌ಖಟಾಯಿಯಲ್ಲಿ ತುಪ್ಪವಿದೆ, ಹಿಟ್ಟಿದೆ, ಸಕ್ಕರೆಯಿದೆ. ನೀರು ಇಲ್ಲವೆನ್ನುವಷ್ಟು ಕಡಮೆ. ಆದುದರಿಂದಲೇ ಅದು ಬಾಯಲ್ಲಿಟ್ಟೊಡನೆ ಪುಡಿಯಾಗುತ್ತದೆ. ಎರಡನೆಯದು ಕಜ್ಜಾಯ. ಅದರಲ್ಲಿ ನೆನೆಸಿದ ಅಕ್ಕಿಯ ತೇವದ ಹಿಟ್ಟು ಬೆಲ್ಲದ ಪಾಕದೊಡನೆ ಕೂಡಿ, ಒಂದೆರಡು ದಿನ ಹಾಗೆಯೇ ಇದ್ದು ಹದಗೊಳ್ಳುತ್ತದೆ. ಪಾಕ ಸರಿಯಾಗಿದ್ದರೆ ಕಜ್ಜಾಯ ದಿನಗಟ್ಟಲೆ ಮೆದುವಾಗಿರುತ್ತದೆ. ಪಾಕ ಒಂದಿಷ್ಟು ಏರಿತೆಂದರೆ ಗಟ್ಟಿಯಾಗುತ್ತದೆ.

ಓಟ್ಸ್ ಕುಕಿ ಕಜ್ಜಾಯದ ಮಾರ್ಗವನ್ನು ಹಿಡಿಯಬೇಕು, ನಾನ್‌ಖಟಾಯಿಯದನ್ನಲ್ಲ. ಅದರ ಮೆದುತನವೆಂದರೆ ಒಳಗೆ ಉಳಿದ ನೀರು. ಆ ನೀರನ್ನು ಹಿಡಿದಿಡುವ ಕೆಲಸ ಮುಖ್ಯವಾಗಿ ಸಿಹಿಯದು. ಬಿಳಿಯ ಸಕ್ಕರೆ ಬೆಂದು ಆರಿದ ಮೇಲೆ ಮತ್ತೆ ಹರಳುಗಟ್ಟುವ ಸ್ವಭಾವದ್ದು. ಆದ್ದರಿಂದ ಅದು ಹೆಚ್ಚಿರುವ ಕುಕಿ ಗರಿಗರಿಯಾಗುತ್ತದೆ. ಬೆಲ್ಲದಲ್ಲಾದರೋ ಸಕ್ಕರೆಯೊಡನೆ ಗ್ಲೂಕೋಸು, ಫ್ರಕ್ಟೋಸುಗಳೂ ಸ್ವಲ್ಪ ತೇವವೂ ಇವೆ. ಇವು ಸಕ್ಕರೆ ಹರಳಾಗುವುದನ್ನು ತಡೆಯುತ್ತವೆ, ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಬೆಲ್ಲದ ಡಬ್ಬಿಯ ತಳದಲ್ಲಿ ನೀರಾಡುವುದನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಾಗಿಲ್ಲ. ಅಮೆರಿಕದ ಅಡಿಗೆಯಲ್ಲಿ ಕಾಕಂಬಿ ಬೆರೆತ ಕಂದು ಸಕ್ಕರೆ ಮಾಡುವ ಕೆಲಸವನ್ನು ಇಲ್ಲಿ ಬೆಲ್ಲ ಮಾಡುತ್ತದೆ.

ಓಟ್ಸಿನ ನಾರು ಕೂಡ ನೀರನ್ನು ಹೀರಿ ಉಬ್ಬುತ್ತದೆ. ಜಗಿಯುವಾಗ ಹಲ್ಲಿಗೆ ಸಿಗುವ ಹಿತವಾದ ಎಳೆತ ಬರುವುದು ಅದರಿಂದ. ಈ ಹೀರಿಕೆಗೆ ಕಾಲಾವಕಾಶ ಬೇಕು. ಆದುದರಿಂದ ಕಲಸಿದ ಹಿಟ್ಟನ್ನು ಕೂಡಲೆ ಬೇಯಿಸಬಾರದು.

ಬೇಕಾಗುವ ಸಾಮಗ್ರಿ (24 ಕುಕಿಗಳಿಗೆ)

ಓಟ್ಸ್ 150 ಗ್ರಾಂ
ಮೈದಾ 60 ಗ್ರಾಂ, ಗೋಧಿ ಹಿಟ್ಟು 40 ಗ್ರಾಂ
ಉಪ್ಪಿಲ್ಲದ ಬೆಣ್ಣೆ 100 ಗ್ರಾಂ
ಕಪ್ಪು ಬಣ್ಣದ ಬೆಲ್ಲದ ಪುಡಿ 110 ಗ್ರಾಂ
ಕೋಳಿಮೊಟ್ಟೆ 1, ಅಥವಾ ಗಟ್ಟಿ ಮೊಸರು 3 ದೊಡ್ಡ ಚಮಚ
ಒಣದ್ರಾಕ್ಷಿ 60 ಗ್ರಾಂ
ಅಡಿಗೆ ಸೋಡ ಅರ್ಧ ಟೀ ಚಮಚ, ಉಪ್ಪು ಕಾಲು ಟೀ ಚಮಚ
ದಾಲ್ಚಿನ್ನಿ ಪುಡಿ 1 ಟೀ ಚಮಚ, ಒಣಶುಂಠಿ ಪುಡಿ ಅರ್ಧ ಟೀ ಚಮಚ, ಏಲಕ್ಕಿ ಪುಡಿ ಕಾಲು ಟೀ ಚಮಚ, ಲವಂಗ 2, ತೇಯ್ದ ಜಾಯಿಕಾಯಿ ಒಂದು ಚಿಟಿಕೆ

ಬಟ್ಟಲಿನ ಗಾತ್ರ ಮನೆಯಿಂದ ಮನೆಗೆ ಬೇರೆಯಾಗುವುದರಿಂದ ಹಿಟ್ಟು, ಬೆಲ್ಲ, ಬೆಣ್ಣೆಗಳನ್ನು ತೂಗಿಯೇ ತೆಗೆದುಕೊಳ್ಳುವುದು ಒಳ್ಳೆಯದು. ಸಾಂಬಾರ ಪದಾರ್ಥಗಳನ್ನು ಆಗಿಂದಾಗ್ಗೆ ಪುಡಿ ಮಾಡಿಕೊಂಡರೆ ಪರಿಮಳ ಉಳಿಯುತ್ತದೆ. ಬಹುದಿನ ಇಟ್ಟ ಪುಡಿಯಲ್ಲಿ ಸುಗಂಧದ ತೈಲ ಹಾರಿಹೋಗಿರುತ್ತದೆ. ಏಲಕ್ಕಿ ಅಮೆರಿಕದ ರೂಢಿಯ ಕುಕಿಯಲ್ಲಿಲ್ಲ. ಆದರೆ ಕೊಡಗು, ಮಲೆನಾಡುಗಳ ಏಲಕ್ಕಿಗೂ ಬೆಲ್ಲಕ್ಕೂ ಇರುವ ಹೊಂದಿಕೆ ಹಳೆಯದು. ಕನ್ನಡದ ಮನೆಯಲ್ಲಿ ಅದನ್ನು ಸೇರಿಸುವುದು ಸಹಜವೇ ಆಗಿದೆ.

ಮಾಡುವ ಕ್ರಮ

ಮೈದಾ, ಗೋಧಿ ಹಿಟ್ಟು, ಸೋಡ, ಉಪ್ಪುಗಳನ್ನು ಜರಡಿ ಹಿಡಿದು ಇಟ್ಟುಕೊಳ್ಳಬೇಕು. ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ ಕೂಡಲೆ ಇಳಿಸಬೇಕು. ಅದು ಕಾಯುತ್ತಾ ತುಪ್ಪವಾಗಲು ಬಿಡಬಾರದು. ಬೆಣ್ಣೆಯಲ್ಲಿರುವ ಸುಮಾರು ಶೇಕಡ 16ರಷ್ಟು ನೀರು ಕುಕಿಗೆ ಬೇಕಾದದ್ದೇ. ಬೆಚ್ಚಗಿನ ಬೆಣ್ಣೆಗೆ ಸಾಂಬಾರ ಪುಡಿಗಳನ್ನು ಹಾಕಿ ಕಲಕಿದರೆ ಅವುಗಳ ಪರಿಮಳ ಕೊಬ್ಬಿನಲ್ಲಿ ಚೆನ್ನಾಗಿ ಇಳಿಯುತ್ತದೆ. ಅನಂತರ ಬೆಲ್ಲ ಸೇರಿಸಿ ಗಂಟಿಲ್ಲದಂತೆ ಕದಡಬೇಕು. ಮಿಶ್ರಣ ಕೈಗೆ ತಣ್ಣಗೆನಿಸಿದ ಮೇಲೆಯೇ ಮೊಟ್ಟೆಯನ್ನಾಗಲಿ ಮೊಸರನ್ನಾಗಲಿ ಹಾಕಿ ಚೆನ್ನಾಗಿ ಬೆರೆಸಬೇಕು.

ಇದಕ್ಕೆ ಹಿಟ್ಟನ್ನು ಸುರಿದು ಮರದ ಸೌಟಿನಿಂದ ಮೇಲುಮೇಲೆ ಕಲಸಿದರೆ ಸಾಕು. ಚಪಾತಿಯ ಹಿಟ್ಟಿನಂತೆ ನಾದಿದರೆ ಗೋಧಿಯ ಜಿಗುಟು ಬಲಗೊಂಡು ಕುಕಿ ಬಿರುಸಾಗುತ್ತದೆ. ಕೊನೆಯಲ್ಲಿ ಓಟ್ಸನ್ನೂ ದ್ರಾಕ್ಷಿಯನ್ನೂ ಬೆರೆಸಿ, ಪಾತ್ರೆಯನ್ನು ಮುಚ್ಚಿ ಅರ್ಧ ಗಂಟೆ ಬಿಡಬೇಕು. ಬೇಸಗೆಯಲ್ಲಿ ಈ ಅರ್ಧ ಗಂಟೆ ಫ್ರಿಜ್ಜಿನೊಳಗೆ ಕಳೆಯಲಿ. ಬೆಣ್ಣೆ ಬಿಗಿಯಾಗಿದ್ದರೆ ಕುಕಿ ಅತಿಯಾಗಿ ಹರಡುವುದಿಲ್ಲ. ಹಸಿ ಮೊಟ್ಟೆ ಮತ್ತು ಹಸಿ ಹಿಟ್ಟುಗಳಲ್ಲಿ ರೋಗಾಣುಗಳಿರುವ ಸಂಭವವುಂಟು. ಆದ್ದರಿಂದ ಮಕ್ಕಳು ಹಿಟ್ಟಿನ ರುಚಿ ನೋಡದಂತೆ ತಡೆಯಬೇಕು.

ಓವನ್ನನ್ನು 175 ಡಿಗ್ರಿ ಸೆಂಟಿಗ್ರೇಡಿಗೆ ಮೊದಲೇ ಕಾಯಿಸಿರಬೇಕು. ಹಿಟ್ಟನ್ನು ನೆಲ್ಲಿಕಾಯಿ ಗಾತ್ರದ 24 ಉಂಡೆಗಳಾಗಿ ಮಾಡಿ, ಬಟರ್ ಪೇಪರ್ ಹಾಸಿದ ತಟ್ಟೆಯ ಮೇಲೆ ಎರಡೆರಡು ಅಂಗುಲ ದೂರದಲ್ಲಿಟ್ಟು, ಒಂದು ಸೆಂಟಿಮೀಟರು ದಪ್ಪಕ್ಕೆ ಅಂಗೈಯಿಂದ ತಟ್ಟಬೇಕು. ಚಿಕ್ಕ ಓವನ್ನಿನಲ್ಲಿ ಇವು ಎರಡು ಸರದಿಗಳಲ್ಲಿ ಬೇಯುತ್ತವೆ. ಒಂದೊಂದು ಸರದಿಗೆ 10ರಿಂದ 12 ನಿಮಿಷ ಸಾಕು.

ಕುಕಿಯ ಭವಿಷ್ಯ ನಿರ್ಧಾರವಾಗುವುದು ಈ ಕೊನೆಯ ಎರಡು ನಿಮಿಷಗಳಲ್ಲಿ. ಅಂಚು ಗಟ್ಟಿಯಾಗಿ ಹೊಂಬಣ್ಣಕ್ಕೆ ತಿರುಗಿದ್ದು, ನಡುಭಾಗ ಇನ್ನೂ ಬೆಂದಿಲ್ಲವೇನೋ ಎಂಬಂತೆ ಮೆತ್ತಗಿರುವಾಗಲೇ ತಟ್ಟೆಯನ್ನು ಹೊರತೆಗೆಯಬೇಕು. ಕಾದ ತಟ್ಟೆಯ ಮೇಲೆ ಐದು ನಿಮಿಷ ಹಾಗೆಯೇ ಬಿಟ್ಟರೆ ಉಳಿದ ಕಾವಿನಲ್ಲಿ ನಡುಭಾಗ ಬೇಯುತ್ತದೆ. ಓವನ್ನಿನೊಳಗೇ ನಡು ಗಟ್ಟಿಯಾಗುವವರೆಗೆ ಕಾದರೆ, ತಣ್ಣಗಾದ ಮೇಲೆ ಕೈಗೆ ಬರುವುದು ಬಿಸ್ಕತ್ತು.

ಹದ ತಪ್ಪುವುದೆಲ್ಲಿ

ಕುಕಿ ನಾನ್‌ಖಟಾಯಿಯಂತೆ ಪುಡಿಯಾದರೆ, ಬೆಣ್ಣೆಯ ಬದಲು ತುಪ್ಪ ಬಳಸಿರಬಹುದು. ತುಪ್ಪವೇ ಬೇಕೆಂದರೆ 80 ಗ್ರಾಂ ತೆಗೆದುಕೊಂಡು ಒಂದು ದೊಡ್ಡ ಚಮಚ ಹಾಲು ಸೇರಿಸಬೇಕು. ತಟ್ಟೆಯ ತುಂಬ ಹರಡಿ ತೆಳ್ಳಗಾದರೆ ಬೆಣ್ಣೆ ಬಿಸಿಯಾಗಿತ್ತು, ಇಲ್ಲವೆ ಹಿಟ್ಟು ನೆನೆಯಲಿಲ್ಲವೆಂದು ತಿಳಿಯಬೇಕು. ಮನೆಯಲ್ಲೇ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿದ್ದರೂ ಹೀಗಾಗುತ್ತದೆ. ಸಾಬೂನಿನಂತಹ ಒಗರು ಬಂದರೆ ಸೋಡ ಹೆಚ್ಚಾಗಿದೆ. ಬೆಲ್ಲದಲ್ಲಿ ಅಲ್ಪ ಆಮ್ಲಾಂಶವುಂಟು. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುವುದು ಅದರಿಂದಲೇ. ಆ ಅಲ್ಪ ಆಮ್ಲಕ್ಕೆ ಅರ್ಧ ಚಮಚ ಸೋಡಕ್ಕಿಂತ ಹೆಚ್ಚು ಬೇಡ. ಮೊಸರು ಹಾಕಿದ ಕುಕಿ ಮೊಟ್ಟೆಯದಕ್ಕಿಂತ ತುಸು ಕೇಕಿನಂತಿರುತ್ತದೆ, ಅದು ದೋಷವಲ್ಲ.

ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ನಾಲ್ಕೈದು ದಿನ ಮೆದುವಾಗಿ ಉಳಿಯುತ್ತದೆ. ಮುಂಬಯಿಯ ಮಳೆಗಾಲದಲ್ಲೂ ಚೆನ್ನೈಯ ಸೆಕೆಯಲ್ಲೂ ಎರಡು ದಿನಗಳ ಮೇಲೆ ಫ್ರಿಜ್ಜಿನಲ್ಲಿಡುವುದು ಕ್ಷೇಮ. ತೇವವನ್ನು ಉಳಿಸಿಕೊಂಡ ತಿಂಡಿಗೆ ಬೂಷ್ಟಿನ ಭಯ ಇದ್ದೇ ಇದೆ.

ಆರೋಗ್ಯದ ಲೆಕ್ಕ

ಓಟ್ಸಿಗೆ ಒಳ್ಳೆಯ ಹೆಸರು ಬಂದಿರುವುದು ಅಕಾರಣವಾಗಿ ಅಲ್ಲ. ಅದರಲ್ಲಿ ಬೀಟಾ ಗ್ಲುಕನ್ ಎಂಬ, ನೀರಿನಲ್ಲಿ ಕರಗುವ ನಾರು ಇದೆ. ಓಟ್ಸ್ ಗಂಜಿಯ ಲೋಳೆ ಇದರದೇ. ಕರುಳಿನಲ್ಲಿ ಈ ಲೋಳೆ ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಸಾಗಿಸುತ್ತದೆ. ಹೊಸ ಪಿತ್ತರಸವನ್ನು ತಯಾರಿಸಲು ಯಕೃತ್ತು ರಕ್ತದೊಳಗಿನ ಕೊಲೆಸ್ಟರಾಲನ್ನು ಬಳಸಬೇಕಾಗುವುದರಿಂದ ಅದರ ಮಟ್ಟ ಸ್ವಲ್ಪ ಇಳಿಯುತ್ತದೆ. ಪರ್ಯಾಪ್ತ ಕೊಬ್ಬು ಮತ್ತು ಕೊಲೆಸ್ಟರಾಲು ಕಡಮೆಯಿರುವ ಆಹಾರಕ್ರಮದೊಡನೆ ದಿನಕ್ಕೆ 3 ಗ್ರಾಂ ಬೀಟಾ ಗ್ಲುಕನ್ ಸೇವಿಸಿದರೆ ಹೃದ್ರೋಗದ ಸಂಭವ ಕಡಮೆಯಾಗಬಹುದೆಂದು ಹೇಳಿಕೊಳ್ಳಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ 1997ರಲ್ಲಿ ಅನುಮತಿ ನೀಡಿತು. 100 ಗ್ರಾಂ ಓಟ್ಸಿನಲ್ಲಿ ಈ ನಾರು ಸುಮಾರು 4 ಗ್ರಾಂ ಇರುವುದರಿಂದ, ಆ 3 ಗ್ರಾಮಿಗೆ ದಿನಕ್ಕೆ 75 ಗ್ರಾಂ ಓಟ್ಸ್ ಬೇಕು.

ಮೇಲಿನ ಅಳತೆಯಲ್ಲಿ 75 ಗ್ರಾಂ ಓಟ್ಸ್ ಇರುವುದು ಎಷ್ಟು ಕುಕಿಗಳಲ್ಲಿ? ಸರಿಯಾಗಿ ಹನ್ನೆರಡರಲ್ಲಿ. ಈ ಹನ್ನೆರಡು ಕುಕಿಗಳೊಡನೆ 50 ಗ್ರಾಂ ಬೆಣ್ಣೆ, 55 ಗ್ರಾಂ ಬೆಲ್ಲ, ಒಟ್ಟು ಸುಮಾರು 1150 ಕ್ಯಾಲೊರಿಗಳು ಹೊಟ್ಟೆ ಸೇರುತ್ತವೆ. ಅದೇ 75 ಗ್ರಾಂ ಓಟ್ಸನ್ನು ತರಕಾರಿ ಹಾಕಿ ಉಪ್ಪಿಟ್ಟು ಮಾಡಿಯೋ ಗಂಜಿ ಕಾಯಿಸಿಯೋ ತಿಂದರೆ ಧಾನ್ಯದಿಂದ ಬರುವುದು ಸುಮಾರು 285 ಕ್ಯಾಲೊರಿ. ಕೊಲೆಸ್ಟರಾಲು ಇಳಿಸಲೆಂದು ಓಟ್ಸ್ ಕುಕಿ ತಿನ್ನುವವರು ಒಂದು ಕೈಯಿಂದ ಕೊಟ್ಟುದನ್ನು ಬೆಣ್ಣೆಯ ಇನ್ನೊಂದು ಕೈಯಿಂದ ಹಿಂತೆಗೆದುಕೊಳ್ಳುತ್ತಾರೆ.

ಹಾಗಾದರೆ ಸಿಹಿಯನ್ನು ಅರ್ಧಕ್ಕೆ ಇಳಿಸಬಾರದೇ ಎಂಬ ಪ್ರಶ್ನೆ ಸಹಜ. ಇಲ್ಲಿಯೇ ಹದದ ಪ್ರಶ್ನೆ ಹಿತದ ಪ್ರಶ್ನೆಯನ್ನು ಸಂಧಿಸುತ್ತದೆ. ಬೆಲ್ಲ ಇಲ್ಲಿ ರುಚಿಗೆ ಮಾತ್ರವಲ್ಲ, ನೀರನ್ನು ಹಿಡಿದಿಡುವುದಕ್ಕೂ ಬೇಕು. 110 ಗ್ರಾಮನ್ನು 90ಕ್ಕೆ ಇಳಿಸಿದರೆ ದ್ರಾಕ್ಷಿಯ ಸಿಹಿಯಿಂದ ನಡೆದುಹೋಗುತ್ತದೆ. ಅದಕ್ಕೂ ಬಹಳ ಕೆಳಗಿಳಿಸಿದರೆ ಮೆದುತನ ಹೋಗಿ ಒಣ ರೊಟ್ಟಿಯ ಚೂರು ಉಳಿಯುತ್ತದೆ. ಬೆಲ್ಲದ ಬದಲು ಖರ್ಜೂರ ಅರೆದು ಹಾಕಬಹುದು, ಆದರೆ ಅದೂ ಸಿಹಿಯೇ. ಮೆತ್ತಗಿನ ಕುಕಿ ಬೇಕೆನ್ನುವವರು ಅದು ಸಿಹಿತಿಂಡಿಯೆಂಬುದನ್ನು ಒಪ್ಪಿಕೊಳ್ಳಲೇಬೇಕು. ಕಡಮೆ ಮಾಡಬೇಕಾದುದು ಕುಕಿಯ ಗಾತ್ರವನ್ನು ಮತ್ತು ಸಂಖ್ಯೆಯನ್ನು.

ಯಾರು, ಎಷ್ಟು?

ಒಂದು ಕುಕಿಯಲ್ಲಿ ಸುಮಾರು 95 ಕ್ಯಾಲೊರಿ, 13 ಗ್ರಾಂ ಶರ್ಕರಪಿಷ್ಟ, 4 ಗ್ರಾಮಿಗಿಂತ ತುಸು ಹೆಚ್ಚು ಬೆಣ್ಣೆ, ನಾಲ್ಕೂವರೆ ಗ್ರಾಂ ಬೆಲ್ಲ ಇವೆ. ಸೇರಿಸಿದ ಸಕ್ಕರೆ ದಿನದ ಶಕ್ತಿಯ ಶೇಕಡ 10ಕ್ಕಿಂತ ಕಡಮೆಯಿರಬೇಕು, ಶೇಕಡ 5ಕ್ಕಿಂತ ಕಡಮೆಯಿದ್ದರೆ ಇನ್ನೂ ಉತ್ತಮ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ದಿನಕ್ಕೆ 2000 ಕ್ಯಾಲೊರಿ ಉಣ್ಣುವವರಿಗೆ ಆ ಶೇಕಡ 5 ಎಂದರೆ ಸುಮಾರು 25 ಗ್ರಾಂ. ಎರಡೆರಡು ಚಮಚ ಸಕ್ಕರೆಯ ಎರಡು ಲೋಟ ಕಾಫಿ, ಜೊತೆಗೆ ಎರಡು ಕುಕಿ: ಅಷ್ಟಕ್ಕೇ ಆ ಮಿತಿ ತುಂಬಿಬಿಡುತ್ತದೆ.

ಆಡಿ ಓಡುವ ಮಕ್ಕಳಿಗೆ ಹಾಲಿನೊಡನೆಯೋ ಹಣ್ಣಿನೊಡನೆಯೋ ಎರಡು ಕುಕಿ ಒಳ್ಳೆಯ ಸಂಜೆಯ ತಿಂಡಿ. ಮಧುಮೇಹವಿರುವವರು ಬೆಲ್ಲವನ್ನು ಸಕ್ಕರೆಗಿಂತ ಬೇರೆಯೆಂದು ಭಾವಿಸಬಾರದು. ಅದೂ ರಕ್ತದ ಸಕ್ಕರೆಯನ್ನು ಏರಿಸುವಂಥದೇ. ವೈದ್ಯರು ಒಪ್ಪಿದರೆ ಅಪರೂಪಕ್ಕೆ ಒಂದು ಕುಕಿಯನ್ನು, ಆ ಹೊತ್ತಿನ ಬೇರೆ ಪಿಷ್ಟಾಹಾರದ ಬದಲಾಗಿ ತಿನ್ನಬಹುದು, ಅದರ ಮೇಲೆ ಹೆಚ್ಚುವರಿಯಾಗಿ ಅಲ್ಲ. ರಕ್ತದೊತ್ತಡದವರು ಅಡಿಗೆ ಸೋಡದಲ್ಲೂ ಸೋಡಿಯಂ ಇದೆಯೆಂಬುದನ್ನು ನೆನಪಿಡಬೇಕು. ಉಪ್ಪು, ಸೋಡ ಎರಡೂ ಸೇರಿ ಒಂದು ಕುಕಿಗೆ ಸುಮಾರು 50 ಮಿಲಿಗ್ರಾಂ ಸೋಡಿಯಂ ಆಗುತ್ತದೆ. ಇದು ಅಲ್ಪವೇ, ಆದರೆ ಉಪ್ಪುಬೆಣ್ಣೆ ಬಳಸಿದರೆ ಏರುತ್ತದೆ. ಗೋಧಿಯ ಗ್ಲೂಟೆನ್ ಒಗ್ಗದ ಸೀಲಿಯಾಕ್ ರೋಗದವರಿಗೆ ಈ ಕುಕಿ ನಿಷಿದ್ಧ. ಹಿಟ್ಟನ್ನು ಬದಲಿಸಿದರೂ ಸಾಲದು. ಓಟ್ಸಿನಲ್ಲಿ ಹೊಲದಿಂದಲೋ ಗಿರಣಿಯಿಂದಲೋ ಗೋಧಿ ಬೆರೆತಿರುವುದು ಸಾಮಾನ್ಯ.

ದಾಲ್ಚಿನ್ನಿಯ ವಿಷಯದಲ್ಲೂ ಒಂದು ಮಾತು. ಪೇಟೆಯಲ್ಲಿ ಅಗ್ಗವಾಗಿ ದೊರೆಯುವ ದಪ್ಪ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ ಎಂಬ ಜಾತಿಯದು. ಅದರಲ್ಲಿರುವ ಕೂಮರಿನ್ ಎಂಬ ವಸ್ತು ಅತಿಯಾದರೆ ಯಕೃತ್ತಿಗೆ ಹಾನಿಕರ. ಸಿಂಹಳದ ತೆಳು ಸುರುಳಿಯ ದಾಲ್ಚಿನ್ನಿಯಲ್ಲಿ ಅದು ಅತ್ಯಲ್ಪ. 24 ಕುಕಿಗಳಿಗೆ ಒಂದು ಚಮಚ ಬಳಸುವುದರಲ್ಲಿ ಭಯವಿಲ್ಲ. ಸಕ್ಕರೆ ಇಳಿಸಲೆಂದು ನಿತ್ಯವೂ ಚಮಚಗಟ್ಟಲೆ ನುಂಗುವುದು ಮಾತ್ರ ಸಲ್ಲದು.

ಕೊನೆಯದಾಗಿ, ಸಣ್ಣ ಸಂಸಾರಕ್ಕೆ ಅನುಕೂಲವಾದ ಒಂದು ಉಪಾಯವಿದೆ. ಇಪ್ಪತ್ತನಾಲ್ಕನ್ನೂ ಒಂದೇ ದಿನ ಬೇಯಿಸಿಟ್ಟರೆ ಡಬ್ಬಿ ಕಂಡಾಗಲೆಲ್ಲ ಕೈ ಹೋಗುತ್ತದೆ. ಉಂಡೆಗಳನ್ನು ಚಪ್ಪಟೆ ತಟ್ಟಿ ಫ್ರೀಜರಿನಲ್ಲಿಟ್ಟರೆ ತಿಂಗಳವರೆಗೆ ಇರುತ್ತವೆ. ಬೇಕಾದ ದಿನ ಆರನ್ನು ಮಾತ್ರ ತೆಗೆದು, ಎರಡು ನಿಮಿಷ ಹೆಚ್ಚು ಬೇಯಿಸಿದರಾಯಿತು. ಏಲಕ್ಕಿ, ಬೆಲ್ಲಗಳ ಪರಿಮಳ ಮನೆ ತುಂಬುತ್ತಿರುವಾಗ ಮಕ್ಕಳೂ ಹಿರಿಯರೂ ತಟ್ಟೆಯ ಸುತ್ತ ಸೇರುತ್ತಾರೆ. ಅಜ್ಜನ ಪಾಲಿಗೆ ಬರುವುದು ಒಂದೇ ಕುಕಿಯಾದರೂ ಅದು ಬಿಸಿಯಾದುದು, ಮೆತ್ತಗಿನದು. ಅದರೊಳಗೆ ಏನೇನು ಎಷ್ಟೆಷ್ಟಿದೆಯೆಂದು ಕೊಡುವವರಿಗೂ ಗೊತ್ತು, ತಿನ್ನುವವರಿಗೂ ಗೊತ್ತು. ಮನೆಯ ಅಡಿಗೆಯಿಂದ ದೊರೆಯುವ ಆರೋಗ್ಯದ ಮೊದಲ ಪಾಠ ಇದೇ ಆಗಿದೆ.